ಗುಂಯ್‌ಗುಡುವ ಹಳೆಯ ಲೆಸ್ಲಿ: ರಿಪೇರಿಯೋ, ಮಾರ್ಪಾಡೋ, ಹೊಸ ಆಂಪ್ಲಿಫೈಯರೋ?

ಹಳೆಯ ಲೆಸ್ಲಿ ಸ್ಪೀಕರ್ (ತಿರುಗುವ ಹಾರ್ನ್ ಮತ್ತು ರೋಟರಿನಿಂದ ಆರ್ಗನ್‌ನ ಸದ್ದನ್ನು ಅಲೆಯಾಡಿಸುವ ಪೆಟ್ಟಿಗೆ) ಕೊಂಡವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಕೀಲಿ ಒತ್ತದಿದ್ದರೂ ಗುಂಯ್ ಅನ್ನುತ್ತದೆ, ವಾಲ್ವ್ (ಗಾಜಿನ ಟ್ಯೂಬ್) ಬದಲಿಸಲೇ? ಪೆಟ್ಟಿಗೆ 122 ಮಾದರಿಯದು, ಆರ್ಗನ್‌ನಲ್ಲಿರುವ ಜೋಡಣೆಯ ಕಿಟ್ 147 ಮಾದರಿಯದು, ಪ್ಲಗ್ ಸರಿಯಾಗಿ ಕೂರುತ್ತದೆ, ಹಾಕಿಬಿಡಲೇ? ಒಳಗಿನ ಆಂಪ್ಲಿಫೈಯರನ್ನೇ ಕಿತ್ತು ಹೊಸದು ಕೂರಿಸಿದರೆ ಹೇಗೆ? ಎರಡನೆಯದಕ್ಕೆ ಉತ್ತರ ಈಗಲೇ ಹೇಳಬಹುದು: ಬೇಡ. ಉಳಿದ ಎರಡಕ್ಕೆ ಉತ್ತರ ನಿಮ್ಮ ಪೆಟ್ಟಿಗೆಯ ಸ್ಥಿತಿಯನ್ನು, ನಿಮ್ಮ ಕೈಚಳಕವನ್ನು, ಖರ್ಚಿಗೆ ಎಷ್ಟು ಸಿದ್ಧರಿದ್ದೀರಿ ಎನ್ನುವುದನ್ನು ನೋಡಿಕೊಂಡೇ ಬರಬೇಕು.

ಆಯ್ಕೆಗೆ ಮೊದಲು ತಿಳಿಯಬೇಕಾದ ನಾಲ್ಕು ಸಂಗತಿ

ಒಂದು, ಹಮ್ (ಆ ಗುಂಯ್ ಸದ್ದು) ಎಲ್ಲಿಂದ ಬರುತ್ತಿದೆ: ಆರ್ಗನ್‌ನಿಂದಲೋ, ಕೇಬಲ್ಲಿನಿಂದಲೋ, ಲೆಸ್ಲಿಯ ಆಂಪ್‌ನಿಂದಲೋ. ಎರಡು, ಆರ್ಗನ್ ಕಡೆ ಯಾವ ವೈರಿಂಗ್ ಪದ್ಧತಿ ಇದೆ. ಮೂರು, ನಿಮ್ಮ ಕರೆಂಟಿನ ವೋಲ್ಟೇಜ್ ಮತ್ತು ಫ್ರೀಕ್ವೆನ್ಸಿ ಎಷ್ಟು. ನಾಲ್ಕು, 400 ವೋಲ್ಟ್ ಡಿ.ಸಿ. ಇರುವ ಚಾಸಿಯೊಳಗೆ ಕೈಹಾಕುವ ಅನುಭವ ನಿಮಗಿದೆಯೇ. ನಾಲ್ಕನೆಯದಕ್ಕೆ 'ಇಲ್ಲ' ಎಂದಾದರೆ ಮುಂದಿನದನ್ನೆಲ್ಲ ಮೆಕ್ಯಾನಿಕ್‌ಗೆ ಏನು ಹೇಳಬೇಕು ಎಂದು ತಿಳಿಯಲು ಓದಿ, ನೀವೇ ಮಾಡಲು ಹೋಗಬೇಡಿ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ ಪ್ರಾಣ ತೆಗೆಯುವಷ್ಟು ಚಾರ್ಜ್ ಉಳಿದಿರುತ್ತದೆ. 10 ಕಿಲೋಓಮ್, 10 ವ್ಯಾಟ್ ರೆಸಿಸ್ಟರಿಗೆ ಇನ್ಸುಲೇಟೆಡ್ ಕ್ಲಿಪ್ ಹಾಕಿ, ಪ್ರತಿ ಫಿಲ್ಟರ್ ಕೆಪಾಸಿಟರಿನ (ಡಿ.ಸಿ.ಯ ಏರಿಳಿತ ತಗ್ಗಿಸುವಂಥದ್ದು) ಪ್ಲಸ್‌ನಿಂದ ಚಾಸಿಗೆ ಕೆಲವು ಸೆಕೆಂಡು ಹಿಡಿದು, ಮೀಟರಿನಲ್ಲಿ 10 ವೋಲ್ಟಿಗಿಂತ ಕಡಿಮೆ ಕಂಡ ಮೇಲೆಯೇ ಬೆರಳು ಒಳಗೆ. ಸ್ಕ್ರೂಡ್ರೈವರಿನಿಂದ ಶಾರ್ಟ್ ಮಾಡುವ ಅಭ್ಯಾಸ ಬಿಡಿ. ಕೆಪಾಸಿಟರೂ ಹಾಳು, ಕಣ್ಣಿಗೂ ಅಪಾಯ.

ಹಮ್ಮಿನ ಸ್ವರ ಕೇಳಿ

ಆರ್ಗನ್ ನುಡಿಸುವವರಿಗೆ ಇಲ್ಲೊಂದು ಅನುಕೂಲವಿದೆ. 50 ಹರ್ಟ್ಸ್ ಕರೆಂಟಿನಲ್ಲಿ ಫಿಲ್ಟರ್ ಕೆಪಾಸಿಟರ್ ಸೋತಾಗ ಬರುವ ಸದ್ದು 100 ಹರ್ಟ್ಸ್. 8 ಅಡಿಯ ಡ್ರಾಬಾರ್ (ಸ್ವರ ಬೆರೆಸುವ ಎಳೆಪಟ್ಟಿ) ಒಂದನ್ನೇ ಎಳೆದು ಕೀಬೋರ್ಡಿನ ತೀರ ಕೆಳಗಿನ 'ಜಿ' ಒತ್ತಿದರೆ 98 ಹರ್ಟ್ಸ್ ಬರುತ್ತದೆ. ಹಮ್ ಅದಕ್ಕೆ ಹತ್ತಿರ ಕೂಡಿ ಸೆಕೆಂಡಿಗೆ ಎರಡು ಬಾರಿ ಅಲೆಅಲೆಯಾಗಿ ಏರಿಳಿದರೆ ಅದು 100 ಹರ್ಟ್ಸ್‌ನದೇ. ಅದಕ್ಕಿಂತ ಒಂದು ಆಕ್ಟೇವ್ ಕೆಳಗಿದ್ದರೆ 50 ಹರ್ಟ್ಸ್. 60 ಹರ್ಟ್ಸ್ ಇರುವ ಕಡೆ ಕೂಡಿಕೊಳ್ಳುವ ಜಾಗ 'ಎ ಶಾರ್ಪ್' ಮತ್ತು 'ಬಿ'ಗಳ ನಡುವೆ, ಯಾಕೆಂದರೆ ಅಲ್ಲಿ ಸದ್ದು 120.

ಎರಡು ಪಟ್ಟು ಫ್ರೀಕ್ವೆನ್ಸಿಯ ಹಮ್ ಎಂದರೆ ಬಹುಮಟ್ಟಿಗೆ ಪವರ್ ಸಪ್ಲೈ: ಒಣಗಿದ ಫಿಲ್ಟರ್ ಕೆಪಾಸಿಟರ್, ಇಲ್ಲವೇ ಜೋಡಿ ಹೊಂದದ ಔಟ್‌ಪುಟ್ ವಾಲ್ವ್. ಕರೆಂಟಿನದೇ ಫ್ರೀಕ್ವೆನ್ಸಿಯ ಹಮ್ ಎಂದರೆ ಅರ್ಥ್ ಲೂಪ್ (ಎರಡು ದಾರಿಯಲ್ಲಿ ಅರ್ಥ್ ಸೇರಿ ಆದ ಸುತ್ತು), ಶೀಲ್ಡ್ ಕಡಿದ ಕೇಬಲ್, ಅಥವಾ ವಾಲ್ವಿನ ಹೀಟರ್ ಕ್ಯಾಥೋಡಿಗೆ ಸೋರುತ್ತಿರುವುದು. ಚರ್ ಚರ್ ಎನ್ನುವ ಚೂಪಾದ ಸದ್ದಾದರೆ ದೀಪದ ಡಿಮ್ಮರನ್ನೋ ಹತ್ತಿರದ ಸ್ವಿಚ್ಚಿಂಗ್ ಅಡಾಪ್ಟರನ್ನೋ ಮೊದಲು ಆರಿಸಿ ನೋಡಿ. ಇನ್ನೊಂದನ್ನು ಬಹಳ ಜನ ಮರೆಯುತ್ತಾರೆ: ಸದ್ದು ಸ್ಪೀಕರಿನಿಂದಲೇ ಬರುತ್ತಿದೆಯೇ? ಮೋಟಾರುಗಳ ಪ್ಲಗ್ಗನ್ನು ಆಂಪ್ ಚಾಸಿಯ ಸಾಕೆಟ್‌ನಿಂದ ಕಿತ್ತಾಗ ಸದ್ದು ನಿಂತರೆ ಅದು ಒಣಗಿದ ಬೇರಿಂಗ್, ಆಂಪ್‌ಗೂ ಅದಕ್ಕೂ ಸಂಬಂಧವಿಲ್ಲ. ಟ್ರಾನ್ಸ್‌ಫಾರ್ಮರಿಗೆ ಕೈ ಸೋಕಿಸದೆ ಹತ್ತಿರ ಕಿವಿಗೊಟ್ಟಾಗ ಅಲ್ಲೇ ಕೇಳಿದರೆ ಅದು ಲ್ಯಾಮಿನೇಷನ್ (ಒಳಗಿನ ಕಬ್ಬಿಣದ ತಗಡುಗಳು) ಅದುರುವ ಸದ್ದು.

ಆಮೇಲೆ ಜಾಗ ಹುಡುಕುವುದು. ಆಫ್ ಮಾಡಿ, ವಾಲ್ವ್ ಆರಿದ ಮೇಲೆ ಇನ್‌ಪುಟ್‌ನ 12ಎಯು7 ತೆಗೆದು ಮತ್ತೆ ಆನ್ ಮಾಡಿ. 122 ಮತ್ತು 147ರಲ್ಲಿ ಎರಡು 6550 ವಾಲ್ವ್‌ಗಳಿಗೆ ಸಿಗ್ನಲ್ ಕೊಡುವುದು ಇದೊಂದೇ. ಹಮ್ ಪೂರ್ತಿ ನಿಂತರೆ ತಪ್ಪು ಆರ್ಗನ್‌ನಲ್ಲಿ, ಕೇಬಲ್ಲಿನಲ್ಲಿ ಅಥವಾ ಆ ವಾಲ್ವಿನ ಸುತ್ತ. ಇಷ್ಟೂ ಕಡಿಮೆಯಾಗದಿದ್ದರೆ ಪವರ್ ಸಪ್ಲೈ ಮತ್ತು 6550ಗಳಲ್ಲಿ. ಈ ಒಂದು ಪರೀಕ್ಷೆ ಮಾಡದೆ ಹೊಸ ವಾಲ್ವ್ ತರಿಸಿದವರ ದುಡ್ಡು ಹೆಚ್ಚಾಗಿ ನೀರುಪಾಲಾಗುತ್ತದೆ. 6550 ಜೋಡಿ ಇಡೀ ಆಂಪ್‌ನ ಅತ್ಯಂತ ದುಬಾರಿ ಭಾಗ, ಹಮ್ಮಿನ ಮೊದಲ ಅಪರಾಧಿ ಮಾತ್ರ ಅಪರೂಪಕ್ಕೆ.

122, 147: ಪ್ಲಗ್ ಒಂದೇ, ಒಳಗಿನ ಲೆಕ್ಕ ಬೇರೆ

ಎರಡಕ್ಕೂ 40 ವ್ಯಾಟಿನ ವಾಲ್ವ್ ಆಂಪ್, 16 ಓಮಿನ ಸ್ಪೀಕರ್‌ಗಳು, ತಗ್ಗು-ಎತ್ತರದ ಸ್ವರಗಳನ್ನು ಬೇರ್ಪಡಿಸುವ 800 ಹರ್ಟ್ಸ್‌ನ ಕ್ರಾಸ್‌ಓವರ್. ಗಿಡ್ಡ ಪೆಟ್ಟಿಗೆ ಬೇಕೆಂದವರಿಗೆ 122ರ ಜೋಡಿ 142, 147ರ ಜೋಡಿ 145. ಎರಡಕ್ಕೂ ಅದೇ 6 ಪಿನ್ನಿನ ಪ್ಲಗ್, ಆಪತ್ತು ಇರುವುದೇ ಅಲ್ಲಿ.

122ರಲ್ಲಿ ಸಿಗ್ನಲ್ ಬ್ಯಾಲೆನ್ಸ್ಡ್. ಎರಡು ತಂತಿಗಳಲ್ಲಿ ಒಂದಕ್ಕೊಂದು ವಿರುದ್ಧ ದಿಕ್ಕಿನ ಸಿಗ್ನಲ್ ಹರಿಯುತ್ತದೆ. ರೋಟರಿನ ವೇಗ ಬದಲಿಸುವ ಡಿ.ಸಿ. ವೋಲ್ಟೇಜ್ ಅದೇ ಎರಡು ತಂತಿಗಳ ಮೇಲೆ ಸಮನಾಗಿ ಸವಾರಿ ಮಾಡುತ್ತದೆ. ಎರಡರಲ್ಲೂ ಒಂದೇ ಇರುವುದರಿಂದ ಆಂಪ್ ಅದನ್ನು ಸದ್ದಾಗಿ ಪರಿಗಣಿಸುವುದಿಲ್ಲ. ಒಳಗಿನ ಒಂದು ವಾಲ್ವ್ ಆ ಡಿ.ಸಿ.ಯನ್ನು ನೋಡಿ ರಿಲೇ (ಕರೆಂಟಿನಿಂದ ನಡೆಯುವ ಸ್ವಿಚ್) ಎಳೆಯುತ್ತದೆ. ಹ್ಯಾಮಂಡ್ ಬಿ-3, ಸಿ-3 ಆರ್ಗನ್‌ಗಳ ಪ್ರೀಆಂಪ್‌ನ ಎರಡು 'ಜಿ' ಟರ್ಮಿನಲ್‌ಗಳಿಗೆ ಹೇಳಿ ಮಾಡಿಸಿದ ಏರ್ಪಾಡು ಇದು. ಉದ್ದ ಕೇಬಲ್ಲಿನಲ್ಲಿ ಹೊರಗಿನ ಹಮ್ ಎರಡೂ ತಂತಿಗೆ ಸಮನಾಗಿ ಅಂಟುತ್ತದೆ, ಆಂಪ್‌ನಲ್ಲಿ ಕಳೆದುಹೋಗುತ್ತದೆ. ಆದರೆ ಇನ್‌ಪುಟ್‌ನ ಎರಡು ಬದಿಯ ರೆಸಿಸ್ಟರುಗಳು ವಯಸ್ಸಾಗಿ ಬೇರೆಬೇರೆಯಾದರೆ ಆ ಸಮತೋಲ ಹೋಯಿತು. ಹಮ್ ನುಸುಳುತ್ತದೆ, ವೇಗ ಬದಲಿಸಿದಾಗ ಧಬ್ ಎಂದು ಬಡಿಯುತ್ತದೆ. ಆ ಧಬ್ ಜೋರಾಗುತ್ತ ಬಂದಿದ್ದರೆ ಎರಡು ಬದಿಯ ರೆಸಿಸ್ಟರುಗಳನ್ನು ಅಳೆಯಿರಿ. ಒಂದಕ್ಕೊಂದು ಶೇ. 1ರೊಳಗೆ ಹೊಂದುವ ಮೆಟಲ್ ಫಿಲ್ಮ್ ಜೋಡಿ ಹಾಕಿ. ಕಪ್ಲಿಂಗ್ ಕೆಪಾಸಿಟರುಗಳನ್ನೂ (ಸಿಗ್ನಲ್ ದಾಟಿಸಿ ಡಿ.ಸಿ. ತಡೆಯುವಂಥವು) ಜೋಡಿಯಾಗಿಯೇ ಬದಲಿಸಿ.

147 ಅದಕ್ಕಿಂತ ಸರಳ. ಸಿಗ್ನಲ್ ಅನ್‌ಬ್ಯಾಲೆನ್ಸ್ಡ್, ಒಂದು ತಂತಿ ನೇರ ಗ್ರೌಂಡ್. ವೇಗಕ್ಕೆ ಪ್ರತ್ಯೇಕ ಪಿನ್, ಅದರಲ್ಲಿ ಬರುವುದು ಮೇನ್ಸ್ (ಗೋಡೆಯ ಪ್ಲಗ್ಗಿನ) ಎ.ಸಿ. ಆರ್ಗನ್‌ನ ಸ್ಪೀಕರ್ ಔಟ್‌ಪುಟ್‌ನಿಂದ ಸಿಗ್ನಲ್ ತೆಗೆದುಕೊಳ್ಳುವಂತೆ ಮಾಡಿದ್ದು. ಆರ್ಗನ್‌ನ ಒಳ ಸ್ಪೀಕರ್ ಕಳಚುವುದಾದರೆ ಅದರ ಜಾಗದಲ್ಲಿ ಅದೇ ಓಮಿನ, ಆಂಪ್‌ನ ವ್ಯಾಟಿಗೆ ತಕ್ಕ ಪವರ್ ರೆಸಿಸ್ಟರ್ ಇರಲೇಬೇಕು. ವಾಲ್ವ್ ಆಂಪ್‌ಗೆ ಲೋಡ್ ಇಲ್ಲದೆ ಸಿಗ್ನಲ್ ಕೊಟ್ಟರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡಬಹುದು.

ಈಗ 147ರ ಕಿಟ್‌ಗೆ 122 ಪೆಟ್ಟಿಗೆ ಸಿಕ್ಕಿಸಿದರೆ ಏನಾಗುತ್ತದೆ ಎಂದು ಯೋಚಿಸಿ. ವೇಗದ ಸ್ವಿಚ್ಚಿನ ಮೇನ್ಸ್ ಕರೆಂಟು ಸಿಗ್ನಲ್ಲಿಗೆಂದು ಇಟ್ಟ ದಾರಿ ಹಿಡಿಯಬಹುದು. ಹಮ್ ಅಲ್ಲ, ಹೊಗೆ.

ಪೆಟ್ಟಿಗೆಯ ಮೇಲಿನ ಲೇಬಲ್ ನಂಬಬೇಡಿ. ಐವತ್ತು-ಅರವತ್ತು ವರ್ಷದಲ್ಲಿ ಎಷ್ಟೋ ಪೆಟ್ಟಿಗೆಗಳಲ್ಲಿ ಆಂಪ್ ಅದಲುಬದಲಾಗಿದೆ. ಎಲ್ಲ ಪ್ಲಗ್ ಕಿತ್ತು, ಚಾರ್ಜ್ ಇಳಿಸಿ, ಓಮ್ ಮೀಟರ್ ಹಿಡಿಯಿರಿ. ಆ ಮಾದರಿಯ ಸರ್ಕ್ಯೂಟ್ ನಕ್ಷೆ ಪಕ್ಕದಲ್ಲಿರಲಿ. ಎರಡು ಸಿಗ್ನಲ್ ಪಿನ್‌ಗಳಿಂದ ಚಾಸಿಗೆ ಅಳೆದಾಗ ಎರಡೂ ಹೆಚ್ಚುಕಡಿಮೆ ಸಮನಾದ ದೊಡ್ಡ ರೆಸಿಸ್ಟೆನ್ಸ್ ತೋರಿದರೆ 122ರ ಬಗೆ. ಒಂದು ನೇರ ಸೊನ್ನೆ ಓಮ್ ಆದರೆ 147ರ ಬಗೆ. ಆರ್ಗನ್ ಕಡೆಯ ಕಿಟ್‌ನಲ್ಲಿ, ಕರೆಂಟ್ ಪೂರ್ತಿ ಕಿತ್ತ ಮೇಲೆ, ವೇಗದ ಸ್ವಿಚ್ ಒತ್ತಿದಾಗ ಮೇನ್ಸ್ ಪಿನ್ ಮತ್ತು ಇನ್ನೊಂದು ಪಿನ್ ನಡುವೆ ಕಂಟಿನ್ಯುಯಿಟಿ ಬಂದು ಹೋಗುತ್ತಿದ್ದರೆ ಅದು ಸಾಮಾನ್ಯವಾಗಿ 147ರ ಕಿಟ್. ಪಿನ್ ಎಣಿಸುವಾಗ ಪ್ಲಗ್ಗನ್ನು ಮುಂದಿನಿಂದ ನೋಡುತ್ತಿದ್ದೀರೋ, ಬೆಸುಗೆ ಹಾಕುವ ಹಿಂದಿನಿಂದಲೋ ಎನ್ನುವುದು ನೆನಪಿರಲಿ. ಕನ್ನಡಿಯಂತೆ ತಿರುಗಿಬಿಡುತ್ತದೆ.

ಹೊಂದದ ಜೋಡಿಯನ್ನು ಹೊಂದಿಸಲು ಮೂರು ದಾರಿ

ಸರಿಯಾದ ಕನೆಕ್ಟರ್ ಕಿಟ್ಟನ್ನು ಆರ್ಗನ್‌ಗೆ ಕೂರಿಸುವುದು ಮೊದಲ ದಾರಿ, ನಮ್ಮ ಮತವೂ ಅದಕ್ಕೇ. ಬದಲಾಗುವುದು ಆರ್ಗನ್ ಹಿಂದಿನ ಒಂದು ಸಣ್ಣ ಡಬ್ಬಿ ಮಾತ್ರ. ಲೆಸ್ಲಿಗೆ ಕೈ ಹಚ್ಚಬೇಕಿಲ್ಲ, ನಾಳೆ ಮಾರುವಾಗ ಬೆಲೆಯೂ ಕುಸಿಯುವುದಿಲ್ಲ. ಕರೆಂಟು ಮತ್ತು ಸಿಗ್ನಲ್ ಒಂದೇ ಕೇಬಲ್ಲಿನಲ್ಲಿ ಹೋಗುವುದರಿಂದ ಅರ್ಥ್ ಲೂಪ್ ಹುಟ್ಟುವ ಸಂದರ್ಭವೂ ಕಡಿಮೆ.

ಎರಡನೆಯದು ಲೆಸ್ಲಿಯ ಆಂಪನ್ನೇ 122ರಿಂದ 147ಕ್ಕೆ, ಅಥವಾ ತಿರುಗಾಮುರುಗಾ, ಮಾರ್ಪಡಿಸುವುದು. ಬಿಡಿಭಾಗ ಹೆಚ್ಚು ಬೇಡ: ಇನ್‌ಪುಟ್‌ನ ಕೆಲವು ರೆಸಿಸ್ಟರ್, ಒಂದು ಎ.ಸಿ. ಕಾಯಿಲಿನ ರಿಲೇ, ಕೆಲವು ತಂತಿ. ಅಗ್ಗ. ಆದರೆ ಮುಂದೆ ಈ ಪೆಟ್ಟಿಗೆ ಕೊಳ್ಳುವವನು ಲೇಬಲ್ ನೋಡಿ 122 ಎಂದು ನಂಬಿ ಪ್ಲಗ್ ಹಾಕುತ್ತಾನೆ. ಯಾರೋ ಆಗಲೇ ಕತ್ತರಿಸಿ ಕೆಡಿಸಿದ ಆಂಪ್ ಆಗಿದ್ದರೆ ಮಾತ್ರ ಈ ದಾರಿ ಹಿಡಿಯಿರಿ. ಹಿಡಿದರೆ ಚಾಸಿಯ ಮೇಲೆ, ಪ್ಲಗ್ಗಿನ ಪಕ್ಕದಲ್ಲೇ, ಅಳಿಸದ ಶಾಯಿಯಲ್ಲಿ ಬರೆದಿಡಿ.

ಮೂರನೆಯದು ಪ್ರೀಆಂಪ್ ಪೆಡಲ್. ಆರ್ಗನ್ ಬದಲು ಎಲೆಕ್ಟ್ರಾನಿಕ್ ಕೀಬೋರ್ಡಿನಿಂದ ಲೆಸ್ಲಿ ನುಡಿಸುವವರಿಗೆ ಇದಲ್ಲದೆ ಗತಿಯಿಲ್ಲ. ಕೀಬೋರ್ಡಿನ ಲೈನ್ ಔಟ್ ಸುಮಾರು ಒಂದು ವೋಲ್ಟ್ ಅಥವಾ ಅದಕ್ಕೂ ಕಡಿಮೆ, ಹಳೆಯ ಲೆಸ್ಲಿ ನಿರೀಕ್ಷಿಸುವುದು ಹಲವು ವೋಲ್ಟ್. ನೇರ ಕೊಟ್ಟರೆ ಸೊರಗಿದ ಸದ್ದು. ವಾಲ್ಯೂಮ್ ಏರಿಸಿದಷ್ಟೂ ಹಮ್ಮೇ ಮುಂದೆ. ಪೆಡಲ್ ಸಿಗ್ನಲ್ಲನ್ನು ಏರಿಸುತ್ತದೆ, ವೇಗದ ಆಜ್ಞೆ ಕೊಡುತ್ತದೆ, ಲೆಸ್ಲಿಗೆ ಕರೆಂಟನ್ನೂ ದಾಟಿಸುತ್ತದೆ. ಕೊಳ್ಳುವಾಗ '6 ಪಿನ್' ಎಂದಷ್ಟೇ ಕೇಳಬೇಡಿ, 122ಕ್ಕೋ 147ಕ್ಕೋ ಎಂದು ಕೇಳಿ. 760, 825ರಂಥ ಟ್ರಾನ್ಸಿಸ್ಟರ್ ಲೆಸ್ಲಿಗಳದು 9 ಪಿನ್, ಈಚಿನವುಗಳದು 11. ಅವುಗಳ ಪೆಡಲ್ ಬೇರೆ.

ಕೀಬೋರ್ಡ್ ಒಂದು ಪ್ಲಗ್ ಪಾಯಿಂಟಿನಲ್ಲಿ, ಪೆಡಲ್ ಇನ್ನೊಂದರಲ್ಲಿ ಇದ್ದಾಗ ಅರ್ಥ್ ಲೂಪ್ ಹಮ್ ಬಂದೇ ಬರುತ್ತದೆ ಎನ್ನಬಹುದು. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ. ಹೋಗದಿದ್ದರೆ ಕೀಬೋರ್ಡ್ ಮತ್ತು ಪೆಡಲ್ ನಡುವೆ 1:1 ಆಡಿಯೋ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇಡಿ. ಪೆಡಲ್ ಮತ್ತು 122ರ ನಡುವೆ ಮಾತ್ರ ಇಡಬೇಡಿ. ಟ್ರಾನ್ಸ್‌ಫಾರ್ಮರ್ ಡಿ.ಸಿ.ಯನ್ನು ದಾಟಿಸದು, ಹಮ್ ಹೋದರೂ ರೋಟರ್ ಒಂದೇ ವೇಗಕ್ಕೆ ಅಂಟಿಕೊಳ್ಳುತ್ತದೆ. ಅರ್ಥ್ ಪಿನ್ ಮುರಿದು ಹಮ್ ನಿಲ್ಲಿಸುವ 'ಉಪಾಯ' ಯಾರು ಹೇಳಿದರೂ ಕೇಳಬೇಡಿ. ಹಳೆಯ ಆಂಪ್‌ನಲ್ಲಿ ಇನ್ಸುಲೇಷನ್ ಸೋತ ದಿನ ಚಾಸಿಯೇ ಫೇಸ್ ಆಗುತ್ತದೆ.

ಹಮ್ ಆಂಪ್‌ನಲ್ಲೇ ಇದ್ದರೆ

ಇಲ್ಲಿಯೂ ಮೂರು ಆಯ್ಕೆ: ಫಿಲ್ಟರ್ ಕೆಪಾಸಿಟರ್ ಮಾತ್ರ ಬದಲಿಸುವುದು, ಪೂರ್ತಿ ರಿಪೇರಿ, ಇಡೀ ಆಂಪ್ ತೆಗೆದು ಟ್ರಾನ್ಸಿಸ್ಟರಿನದು ಹಾಕುವುದು.

100 ಅಥವಾ 120 ಹರ್ಟ್ಸ್ ಹಮ್ ಇದ್ದು, ಉಳಿದ ಸದ್ದು ಚೆನ್ನಾಗಿದ್ದರೆ ಮೊದಲನೆಯದೇ ಸಾಕು. ಒಂದು ಸಂಜೆಯ ಕೆಲಸ. ಕೆಪಾಸಿಟರಿನ ಮೇಲೆ ಮುದ್ರಿಸಿದ ಮೈಕ್ರೋಫ್ಯಾರಡ್ ಇಟ್ಟುಕೊಳ್ಳಿ. ಸ್ವಲ್ಪ ಹೆಚ್ಚಾದರೆ ತೊಂದರೆಯಿಲ್ಲ, ಆದರೆ ರೆಕ್ಟಿಫೈಯರ್ ವಾಲ್ವ್ ಇರುವ ಆಂಪ್‌ನಲ್ಲಿ ಮೊದಲ ಕೆಪಾಸಿಟರನ್ನು ಆ ವಾಲ್ವಿನ ಮಿತಿ ಮೀರಿ ದೊಡ್ಡದು ಮಾಡಬೇಡಿ. ವೋಲ್ಟ್ ರೇಟಿಂಗ್ ಹಳೆಯದಕ್ಕಿಂತ ಕಡಿಮೆ ಆಗಕೂಡದು, 105 ಡಿಗ್ರಿಯ ಬಗೆಯೇ ಇರಲಿ. ಹಳೆಯ ಡಬ್ಬಿಯನ್ನು ಚಾಸಿಯ ಮೇಲೆ ನೋಟಕ್ಕೆ ಬಿಟ್ಟು, ಅದರ ತಂತಿಗಳನ್ನು ಕಳಚಿ, ಹೊಸದನ್ನು ಕೆಳಗೆ ಕೂರಿಸಬಹುದು. ಹಳೆಯದರ ಮೇಲೆಯೇ ಹೊಸದನ್ನು ಸಮಾಂತರ ಬೆಸೆದು ಬಿಡುವುದು ತಪ್ಪು. ಸೋರುವ ಹಳೆಯದು ಒಂದು ದಿನ ಶಾರ್ಟ್ ಆಗುತ್ತದೆ.

ಹೊಸ ಕೆಪಾಸಿಟರ್ ಹಾಕಿದ ಮೇಲೆ ಹಮ್ ಹೆಚ್ಚಾಯಿತು ಎಂಬ ದೂರು ತೀರ ಸಾಮಾನ್ಯ. ತಪ್ಪು ಕೆಪಾಸಿಟರಿನದಲ್ಲ, ಅದರ ಮೈನಸ್ ತಂತಿಯದು. ಮೊದಲ ಫಿಲ್ಟರ್ ಕೆಪಾಸಿಟರಿಗೆ ಚಾರ್ಜ್ ಹರಿಯುವುದು ಸೆಕೆಂಡಿಗೆ 100 ಚೂಪು ಏಟುಗಳಾಗಿ. ಆ ಮೈನಸ್ ತಂತಿಯನ್ನು ಕೈಗೆ ಸಿಕ್ಕ ಹತ್ತಿರದ ಚಾಸಿ ಲಗ್ಗಿಗೆ ಬೆಸೆದರೆ, ಅದೇ ಲಗ್ ಇನ್‌ಪುಟ್‌ನ ಗ್ರೌಂಡೂ ಆಗಿದ್ದರೆ, ಆ ಏಟು ಸಿಗ್ನಲ್ಲಿನೊಳಗೆ ಸೇರಿಬಿಡುತ್ತದೆ. ಮೊದಲ ಕೆಪಾಸಿಟರಿನ ಮೈನಸ್ಸನ್ನು ಪವರ್ ಟ್ರಾನ್ಸ್‌ಫಾರ್ಮರಿನ ಸೆಂಟರ್ ಟ್ಯಾಪಿಗೆ, ಅಂದರೆ ವೈಂಡಿಂಗಿನ ನಡುವಿನ ತಂತಿಗೆ (ಬ್ರಿಡ್ಜ್ ರೆಕ್ಟಿಫೈಯರ್ ಇದ್ದರೆ ಅದರ ಮೈನಸ್ಸಿಗೆ), ನೇರವಾಗಿ ತನ್ನದೇ ತಂತಿಯಲ್ಲಿ ಒಯ್ಯಿರಿ. ಅಲ್ಲಿಂದ ಒಂದೇ ತಂತಿ ಚಾಸಿಗೆ. ಇನ್‌ಪುಟ್‌ಗೆ ಸೇರಿದ ಕೆಪಾಸಿಟರಿನ ಮೈನಸ್ ಇನ್‌ಪುಟ್‌ನ ಗ್ರೌಂಡಿನ ಹತ್ತಿರ.

ಮೊದಲ ಫಿಲ್ಟರ್ ಕೆಪಾಸಿಟರಿನ ಮೇಲೆ ಡಿ.ಸಿ.ಯಲ್ಲಿ ಉಳಿಯುವ ಅಲೆ (ಏರಿಳಿತ) ಎಷ್ಟಿರುತ್ತದೆ ಎಂದು ಲೆಕ್ಕ ಹಾಕಿದರೆ ವಾಲ್ವ್ ಜೋಡಿ ಯಾಕೆ ಹೊಂದಬೇಕು ಎನ್ನುವುದೂ ತಿಳಿಯುತ್ತದೆ. ಉದಾಹರಣೆಗೆ 120 ಮಿಲಿಆಂಪಿಯರ್ ಕರೆಂಟು, 40 ಮೈಕ್ರೋಫ್ಯಾರಡ್, 100 ಹರ್ಟ್ಸ್. ಅಲೆಯ ತುದಿಯಿಂದ ತುದಿಗೆ ಹತ್ತಿರ ಹತ್ತಿರ 30 ವೋಲ್ಟ್. ಇಷ್ಟಿದ್ದರೂ ಕೇಳಿಸದಿರುವುದು ಎರಡು 6550ಗಳು ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನಲ್ಲಿ ಅದನ್ನು ಪರಸ್ಪರ ರದ್ದು ಮಾಡುವುದರಿಂದ. ಒಂದು ವಾಲ್ವ್ ಸೊರಗಿದರೆ ರದ್ದತಿ ಅರ್ಧಂಬರ್ಧ. ಪರೀಕ್ಷೆ ಹೀಗೆ: ಕರೆಂಟ್ ಇಲ್ಲದಾಗ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಸೆಂಟರ್ ಟ್ಯಾಪಿನಿಂದ ಎರಡು ಪ್ಲೇಟುಗಳಿಗೂ ಓಮ್ ಅಳೆದು ಬರೆದುಕೊಳ್ಳಿ. ಎರಡು ಅರ್ಧಗಳು ಸಮನಿಲ್ಲದಿರುವುದು ಸಹಜ. ಆಮೇಲೆ ಕ್ಲಿಪ್ಪುಗಳನ್ನು ಮೊದಲೇ ಸಿಕ್ಕಿಸಿ, ಆನ್ ಮಾಡಿ, ಕೈ ದೂರವಿಟ್ಟು ವೋಲ್ಟ್ ಓದಿ. ಒಂದು ಬದಿ 80 ಓಮಿಗೆ 4.4 ವೋಲ್ಟ್ ಅಂದರೆ 55 ಮಿಲಿಆಂಪಿಯರ್. ಇನ್ನೊಂದು 95 ಓಮಿಗೆ 3.3 ವೋಲ್ಟ್ ಅಂದರೆ ಸುಮಾರು 35. ಇಂಥ ಜೋಡಿ ಹಮ್ ಮಾಡದೆ ಇರದು. ವಾಲ್ವ್‌ಗಳನ್ನು ಅದಲುಬದಲು ಮಾಡಿ. ವ್ಯತ್ಯಾಸ ವಾಲ್ವಿನ ಜೊತೆ ಹೋದರೆ ವಾಲ್ವ್ ಹೊಸದು ಬೇಕು. ಸಾಕೆಟ್ಟಿನಲ್ಲೇ ಉಳಿದರೆ ಕಪ್ಲಿಂಗ್ ಕೆಪಾಸಿಟರ್ ಸೋರುತ್ತಿದೆಯೇ ನೋಡಿ. 6550 ತೆಗೆದು 5ನೇ ಪಿನ್ನಿನಲ್ಲಿ ಡಿ.ಸಿ. ಅಳೆದಾಗ ಪಾಸಿಟಿವ್ ವೋಲ್ಟೇಜ್ ಕಂಡರೆ ಆ ಕೆಪಾಸಿಟರ್ ಕಸಕ್ಕೆ. ಬಿಟ್ಟರೆ ಪ್ಲೇಟ್ ಕೆಂಪಗೆ ಕಾದು ವಾಲ್ವೂ ಹೋಗುತ್ತದೆ.

ಇಲ್ಲಿಗೆ ಬಂದರೆ ನೀವು ಆಗಲೇ ಪೂರ್ತಿ ರಿಪೇರಿಯ ಹಾದಿಯಲ್ಲಿದ್ದೀರಿ: ಎಲ್ಲ ಪೇಪರ್ ಕೆಪಾಸಿಟರುಗಳು, ಶೇ. 20 ಮೀರಿ ಬದಲಾದ ರೆಸಿಸ್ಟರುಗಳು, ಸಾಕೆಟ್ ಸ್ವಚ್ಛ, ಮೂರು ತಂತಿಯ ಅರ್ಥಿಂಗ್. ಮೇನ್ಸ್‌ನಿಂದ ಚಾಸಿಗೆ ಹಾಕಿದ ಹಳೆಯ ಕೆಪಾಸಿಟರ್ ಕಂಡರೆ ತೆಗೆಯಿರಿ, ಬೇಕೇ ಬೇಕಾದರೆ ವೈ2 ಎಂಬ ಸುರಕ್ಷತಾ ದರ್ಜೆಯದು ಹಾಕಿ. ಕರೆಂಟಿನದೇ ಫ್ರೀಕ್ವೆನ್ಸಿಯ ಹಮ್ ಇನ್ನೂ ಉಳಿದಿದ್ದು, ಹೀಟರ್ ವೈಂಡಿಂಗಿನ ಸೆಂಟರ್ ಟ್ಯಾಪ್ ಗ್ರೌಂಡ್ ಆಗಿಲ್ಲದಿದ್ದರೆ, ಹೀಟರಿನ ಎರಡೂ ತಂತಿಯಿಂದ ಗ್ರೌಂಡಿಗೆ ತಲಾ 100 ಓಮ್, ಅರ್ಧ ವ್ಯಾಟ್ ರೆಸಿಸ್ಟರ್ ಹಾಕಿ. ಟ್ಯಾಪ್ ಆಗಲೇ ಗ್ರೌಂಡಿಗೆ ಸೇರಿದ್ದರೆ ಇದು ಬೇಡ. ಖರ್ಚು ಮೊದಲ ಆಯ್ಕೆಯ ಮೂರ್ನಾಲ್ಕು ಪಟ್ಟು, ಸಮಯವೂ ಹಾಗೆಯೇ. ವಾರವಾರ ನುಡಿಸುವವರಿಗೆ, ಪೆಟ್ಟಿಗೆ ಇಟ್ಟುಕೊಳ್ಳುವವರಿಗೆ ಇದೇ ಸರಿ.

ಮೊದಲ ಸಲ ಆನ್ ಮಾಡುವಾಗ ಮೋಟಾರ್ ಕಳಚಿ, ಸೀರೀಸ್ ಬಲ್ಬಿನ ಮೂಲಕ ಮಾಡಿ. 60ರಿಂದ 100 ವ್ಯಾಟಿನ ಹಳೆಯ ತಂತಿಬಲ್ಬ್, ಎಲ್‌ಇಡಿ ಅಲ್ಲ. ಜಗ್ಗನೆ ಉರಿದು ಮಂಕಾದರೆ ಸರಿ. ಉರಿಯುತ್ತಲೇ ಇದ್ದರೆ ಎಲ್ಲೋ ಶಾರ್ಟ್.

ಟ್ರಾನ್ಸಿಸ್ಟರ್ ಆಂಪ್ ಹಾಕುವ ಆಯ್ಕೆಗೆ ಬೈಯುವವರೇ ಹೆಚ್ಚು. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟು, ಬದಲಿ ಸಿಗದೆ ಕೂತ ಪೆಟ್ಟಿಗೆಗೆ ಅದು ಪುನರ್ಜನ್ಮ. ಹಮ್ ಹೋಗುತ್ತದೆ, ತೂಕ ಇಳಿಯುತ್ತದೆ, ಶಾಖ ಕಡಿಮೆ. ಹೋಗುವುದು ಏನೆಂದರೆ, ವಾಲ್ಯೂಮ್ ಏರಿಸಿದಾಗ 6550ಗಳು ಗುರುಗುಟ್ಟುವ ಆ ಸ್ವಭಾವ, ಲೆಸ್ಲಿಗಾಗಿ ಜನ ಹಾತೊರೆಯುವುದು ಅದಕ್ಕೇ. ಲೆಕ್ಕ ನೋಡಿ: 8 ಓಮಿಗೆ 100 ವ್ಯಾಟ್ ಎಂದು ಬರೆದ ಮಾಡ್ಯೂಲ್ 16 ಓಮಿಗೆ ಕೊಡುವುದು ಸುಮಾರು 50. ಹಳೆಯ 40ಕ್ಕೆ ಅದು ಹತ್ತಿರ, ಅಷ್ಟೇ ಇರಲಿ. ದೊಡ್ಡದು ಹಾಕಿದರೆ ಮೊದಲು ಸುಡುವುದು ಮೇಲಿನ ಹಾರ್ನಿನ ಡ್ರೈವರ್. ಮೋಟಾರಿನ ವೇಗದ ರಿಲೇ ಹಳೆಯ ಚಾಸಿಯಲ್ಲೇ ಇತ್ತು ಎನ್ನುವುದು ಆಂಪ್ ಕಿತ್ತ ಮೇಲೆ ನೆನಪಾಗುತ್ತದೆ, ಅದನ್ನು ಪ್ರತ್ಯೇಕ ಕಟ್ಟಬೇಕು. ರಿಲೇ ಸ್ವಿಚ್ ಆದಾಗ ಟಿಕ್ ಎಂದರೆ ಅದರ ಕಾಂಟ್ಯಾಕ್ಟ್ ಮೇಲೆ 100 ಓಮ್ ರೆಸಿಸ್ಟರನ್ನೂ ಎಕ್ಸ್2 ದರ್ಜೆಯ 0.1 ಮೈಕ್ರೋಫ್ಯಾರಡ್ ಕೆಪಾಸಿಟರನ್ನೂ ಸೀರೀಸಿನಲ್ಲಿ ಹಾಕಿ. ಹಳೆಯ ಆಂಪನ್ನು ಎಸೆಯಬೇಡಿ, ಪೆಟ್ಟಿಗೆಯ ಜೊತೆಯೇ ಇಡಿ.

230 ವೋಲ್ಟ್, 50 ಹರ್ಟ್ಸ್ ಇರುವಲ್ಲಿ

117 ವೋಲ್ಟ್, 60 ಹರ್ಟ್ಸ್‌ನ ಪೆಟ್ಟಿಗೆ ತಂದವರು ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಹಾಕಿ ಮುಗಿಯಿತು ಎಂದುಕೊಳ್ಳುತ್ತಾರೆ. ವೋಲ್ಟೇಜ್ ಇಳಿಯಿತು, ಫ್ರೀಕ್ವೆನ್ಸಿ 50ರಲ್ಲೇ ಉಳಿಯಿತು. ಆಂಪ್‌ನ ಟ್ರಾನ್ಸ್‌ಫಾರ್ಮರಿನ ಕಬ್ಬಿಣದಲ್ಲಿ ಫ್ಲಕ್ಸ್ ಐದನೇ ಒಂದು ಪಾಲು ಹೆಚ್ಚಾಗುತ್ತದೆ. ಕಾಯುತ್ತದೆ, ಗುಂಯ್ ಅನ್ನುತ್ತದೆ. ಫಿಲ್ಟರಿನ ಅಲೆಯೂ ಅಷ್ಟೇ ಹೆಚ್ಚು. ಸ್ಟೆಪ್‌ಡೌನ್‌ನ 110 ವೋಲ್ಟ್ ಟ್ಯಾಪ್ ಬಳಸಿದರೆ ಸದ್ದೂ ಶಾಖವೂ ತಗ್ಗುತ್ತವೆ. 6.3 ವೋಲ್ಟಿನ ಹೀಟರ್ ಆಗ 5.9ಕ್ಕೆ ಇಳಿಯುತ್ತದೆ, ವಾಲ್ವಿಗೆ ತೊಂದರೆಯಿಲ್ಲ. ಸ್ಟೆಪ್‌ಡೌನ್ ಕೊಳ್ಳುವಾಗ ಆಟೊ ಟ್ರಾನ್ಸ್‌ಫಾರ್ಮರ್ ಬೇಡ, ಎರಡು ಪ್ರತ್ಯೇಕ ವೈಂಡಿಂಗಿನದು ಬೇಕೆಂದು ಹೇಳಿ. ಆಂಪ್, ಎರಡು ಮೋಟಾರು, ಜೊತೆಗೆ ಆರ್ಗನ್ನೂ ಅದರಿಂದಲೇ ಓಡಿದರೆ ಎಲ್ಲದರ ವ್ಯಾಟ್ ಕೂಡಿ ಅದರ ಒಂದೂವರೆ ಪಟ್ಟಿನದು ಕೊಳ್ಳಿ. ಸೀರೀಸ್ ಬಲ್ಬ್ ಪರೀಕ್ಷೆಯನ್ನು 230 ವೋಲ್ಟಿನ ಬದಿಯಲ್ಲೇ ಮಾಡಿ.

ಮೋಟಾರೂ ನಿಧಾನವಾಗುತ್ತದೆ. ನಿಮಿಷಕ್ಕೆ ಸುಮಾರು 400 ಸುತ್ತಬೇಕಾದ ಮೇಲಿನ ಹಾರ್ನ್ 330ರ ಆಸುಪಾಸಿಗೆ ಬರುತ್ತದೆ. ಆ ಮೋಟಾರಿನ ಪುಲ್ಲಿಯಲ್ಲಿ ಬೇರೆಬೇರೆ ಅಳತೆಯ ತೋಡುಗಳಿವೆ. ಬೆಲ್ಟನ್ನು ದೊಡ್ಡ ತೋಡಿಗೆ ಸರಿಸಿದರೆ ಕಳೆದ ವೇಗದ ಒಂದಷ್ಟು ವಾಪಸು. ಅಷ್ಟರಿಂದ ತೃಪ್ತಿಯಾಗದವರು 50 ಹರ್ಟ್ಸ್ ಮೋಟಾರ್ ಹಾಕಿಸಬೇಕು. ಟೋನ್‌ವೀಲ್ ಆರ್ಗನ್ನೂ (ಮೋಟಾರ್ ತಿರುಗಿಸುವ ಚಕ್ರಗಳಿಂದ ಸ್ವರ ಹುಟ್ಟಿಸುವಂಥದ್ದು) 60 ಹರ್ಟ್ಸ್‌ನದೇ ಆಗಿದ್ದರೆ ಅದು ಮೂರು ಸೆಮಿಟೋನಿಗಿಂತ ತುಸು ಹೆಚ್ಚೇ ಕೆಳಗೆ ನುಡಿಯುತ್ತದೆ. ಆಗ ಪುಲ್ಲಿಯಿಂದ ಏನೂ ಆಗದು, 60 ಹರ್ಟ್ಸ್ ಕೊಡುವ ಶುದ್ಧ ಸೈನ್ ವೇವ್ ಇನ್ವರ್ಟರ್ ಬೇಕು. ಅದನ್ನು ಕೊಳ್ಳುವುದೇ ಆದರೆ ಲೆಸ್ಲಿಯನ್ನೂ ಅದರ ಮೇಲೆಯೇ ಓಡಿಸಿ, ಬೆಲ್ಟನ್ನು ಹಳೆಯ ತೋಡಿಗೆ ಮರಳಿಸಿ.